ಐದಾರೇ ಜಾಗ ನೋಡುವುದಾದರೆ ಯಾವುದನ್ನು ಆರಿಸಬೇಕು?

ಪ್ರಶ್ನೆ: ಸಾಯುವುದರೊಳಗೆ ನೋಡಲೇಬೇಕಾದ 50 ಜಾಗ, 100 ಜಾಗ ಅಂತ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ಅಷ್ಟನ್ನೂ ನೋಡಲು ದುಡ್ಡೂ ಇಲ್ಲ, ರಜೆಯೂ ಇಲ್ಲ. ಜಗತ್ತಿನ ಐದಾರು ಪ್ರಸಿದ್ಧ ಸ್ಥಳಗಳನ್ನು ಮಾತ್ರ ನೋಡಲು ಸಾಧ್ಯ ಅಂದುಕೊಳ್ಳಿ. ಯಾವುದನ್ನು ಆರಿಸಬೇಕು? ಇನ್ನೊಂದು ಅನುಮಾನ: ಡ್ರೋನ್ ವಿಡಿಯೋದಲ್ಲಿ ಎಲ್ಲವೂ ಇಷ್ಟು ಚೆನ್ನಾಗಿ ಕಾಣುವಾಗ ಅಷ್ಟು ದೂರ ಹೋಗಲೇಬೇಕಾ? ಹೋಗುವುದಾದರೆ ನಿವೃತ್ತಿಯ ನಂತರ ಹೋದರೆ ನಡೆಯುತ್ತಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಇತ್ಯರ್ಥವಾದರೆ ಮೊದಲನೆಯದು ಅರ್ಧ ಮುಗಿದಂತೆ.

ಫೋಟೋ ನೋಡಿದರೆ ಸಾಕಾಗುವ ಜಾಗಗಳು ನಿಜವಾಗಿಯೂ ಇವೆ. ಪರದೆಯ ಮೇಲೆ ಕಂಡದ್ದೇ ಅಲ್ಲಿಯೂ ಕಾಣುತ್ತದೆ, ಜೊತೆಗೆ ನೂಕುನುಗ್ಗಲು ಇರುತ್ತದೆ ಅಷ್ಟೆ. ಆದರೆ ಕೆಲವು ಜಾಗಗಳು ಎಂಥ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಅಲ್ಲಿನ ಎತ್ತರ, ಒಳಗಿನ ಕತ್ತಲೆ-ಬೆಳಕು, ನಡೆದು ಹೋಗುವ ದಾರಿ, ಸುತ್ತಲಿನ ಬೆಟ್ಟ ಎಲ್ಲವೂ ಸೇರಿದರೆ ಮಾತ್ರ ಆ ಜಾಗ ಆ ಜಾಗವಾಗುತ್ತದೆ. ಯಾರಾದರೂ ಸಲಹೆ ಕೇಳಿದಾಗ ನಾನು ನೋಡುವುದು ಇದೊಂದನ್ನೇ. ಒಳ್ಳೆಯ ಫೋಟೋ ನೋಡಿದವರಿಗೆ ಇನ್ನೂ ಏನು ಬಾಕಿ ಉಳಿಯುತ್ತದೆ? ಹೆಚ್ಚೇನೂ ಇಲ್ಲ ಅಂದರೆ ಆ ದುಡ್ಡನ್ನು ಬೇರೆ ಕಡೆಗೆ ಉಳಿಸಿಕೊಳ್ಳಿ.

ಪಟ್ಟಿಗಳನ್ನು ಅಷ್ಟಾಗಿ ಹಚ್ಚಿಕೊಳ್ಳಬೇಡಿ. ಹಳೆಯ ಏಳು ಅದ್ಭುತಗಳ ಪಟ್ಟಿ ಗ್ರೀಕರು ಮಾಡಿದ್ದು. ಅವರಿಗೆ ಗೊತ್ತಿದ್ದ ಜಗತ್ತು ಮೆಡಿಟರೇನಿಯನ್ ಸಮುದ್ರದ ಆಸುಪಾಸಿನದು. ಆ ಏಳರಲ್ಲಿ ಇವತ್ತು ನಿಂತಿರುವುದು ಗೀಜಾದ ದೊಡ್ಡ ಪಿರಮಿಡ್ ಒಂದೇ. 2007ರ ‘ಹೊಸ ಏಳು ಅದ್ಭುತಗಳು’ ಸ್ವಿಟ್ಜರ್ಲೆಂಡಿನ ಒಂದು ಖಾಸಗಿ ಪ್ರತಿಷ್ಠಾನ ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ ಮತ ಹಾಕಿಸಿ ಆರಿಸಿದ್ದು. ಒಬ್ಬರೇ ಹಲವು ಮತ ಹಾಕಲು ಅಡ್ಡಿ ಇರಲಿಲ್ಲ. ತನಗೂ ಇದಕ್ಕೂ ಸಂಬಂಧ ಇಲ್ಲ ಅಂತ ಯುನೆಸ್ಕೋ ಆಗಲೇ ಹೇಳಿತ್ತು. ತಮಾಷೆ ಅಂದರೆ, ಸಾವಿರಾರು ವರ್ಷದಿಂದ ಪಟ್ಟಿಯಲ್ಲಿದ್ದ ಪಿರಮಿಡ್ಡನ್ನೂ ಮತಕ್ಕೆ ನಿಲ್ಲಿಸಿದಾಗ ಈಜಿಪ್ಟಿನವರು ಸಿಟ್ಟಾದರು. ಕೊನೆಗೆ ಅದಕ್ಕೊಂದು ಗೌರವ ಸ್ಥಾನ ಕೊಟ್ಟು ಸ್ಪರ್ಧೆಯಿಂದ ಹೊರಗಿಟ್ಟರು. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಗಂಭೀರವಾದದ್ದೇ. ಆದರೆ 1978ರಲ್ಲಿ 12 ಸ್ಥಳಗಳಿಂದ ಶುರುವಾದ ಅದು ಈಗ 1,200 ದಾಟಿದೆ. ಅದನ್ನು ಮಾಡಿದ್ದು ಸ್ಥಳಗಳನ್ನು ಕಾಪಾಡುವುದಕ್ಕೆ. ಯಾವುದನ್ನು ಮೊದಲು ನೋಡಬೇಕು ಅಂತ ಅದು ಹೇಳುವುದಿಲ್ಲ.

ಸರಿ, ಈಗ ನನ್ನ ಆಯ್ಕೆಗಳಿಗೆ ಬರೋಣ.

ಮೊದಲು ರೋಮ್‌ನ ಪ್ಯಾಂಥಿಯನ್, ಹಳೆಯ ರೋಮನ್ನರ ದೇವಸ್ಥಾನ. ಕೊಲೋಸಿಯಂ ಹೇಳುತ್ತೇನೆ ಅಂದುಕೊಂಡಿದ್ದಿರೇನೋ. ಅದನ್ನು ನೋಡಬೇಡಿ ಅನ್ನುತ್ತಿಲ್ಲ, ರೋಮ್‌ಗೆ ಹೋದವರು ಹೇಗೂ ನೋಡಿಯೇ ನೋಡುತ್ತಾರೆ. ಆದರೆ ಅದು ಅರ್ಧ ಬಿದ್ದುಹೋದ ಕಟ್ಟಡ. ಉಳಿದರ್ಧವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಪ್ಯಾಂಥಿಯನ್ ಹಾಗಲ್ಲ, ಸುಮಾರು 1,900 ವರ್ಷದಿಂದ ಚಾವಣಿ ಸಮೇತ ನಿಂತಿದೆ. 609ರಲ್ಲಿ ಅದನ್ನು ಚರ್ಚ್ ಮಾಡಿಕೊಂಡರು. ಜನ ಬಳಸುತ್ತಲೇ ಇದ್ದ ಕಾರಣಕ್ಕೆ ಅದು ಉಳಿಯಿತು.

ಹೊರಗಿನಿಂದ ನೋಡಿದರೆ ಅಂಥದ್ದೇನೂ ಅನ್ನಿಸುವುದಿಲ್ಲ. ಕಂಬಗಳ ಸಾಲು, ಅದರ ಮೇಲೊಂದು ತ್ರಿಕೋನ. ಆ ಕಂಬ ಒಂದೊಂದೂ ಇಡಿಯಾದ ಗ್ರಾನೈಟ್, ಸುಮಾರು 12 ಮೀಟರ್ ಎತ್ತರ, ಈಜಿಪ್ಟಿನಿಂದ ಹಡಗಿನಲ್ಲಿ ತಂದದ್ದು. ಮುಂಭಾಗದ ಮೇಲೆ ಅಗ್ರಿಪ್ಪ ಅನ್ನುವ ಸೇನಾಪತಿ ಕಟ್ಟಿಸಿದ ಅಂತ ದೊಡ್ಡ ಅಕ್ಷರದಲ್ಲಿದೆ. ನಂಬಬೇಡಿ. ಅಗ್ರಿಪ್ಪನ ಕಟ್ಟಡ ಸುಟ್ಟುಹೋಗಿತ್ತು. ಈಗಿರುವುದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 125ರ ಹೊತ್ತಿಗೆ ಮುಗಿದದ್ದು. ತನ್ನ ಹೆಸರು ಹಾಕಿಸಿಕೊಳ್ಳದೆ ಹಳೆಯ ಹೆಸರನ್ನೇ ಉಳಿಸಿದ ಚಕ್ರವರ್ತಿಗಳು ಎಷ್ಟು ಜನ ಸಿಗುತ್ತಾರೆ ಹೇಳಿ.

ಒಳಗೆ ಹೋದರೆ ಲೆಕ್ಕವೇ ಬೇರೆ. ಗುಮ್ಮಟದ ಅಡ್ಡಗಲ 43.3 ಮೀಟರ್. ನೆಲದಿಂದ ಗುಮ್ಮಟದ ನೆತ್ತಿಗೂ ಅಷ್ಟೇ ಎತ್ತರ. ಅಂದರೆ ಆ ಅಳತೆಯ ಒಂದು ಗೋಳ ಒಳಗೆ ಸರಿಯಾಗಿ ಕೂರುತ್ತದೆ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ದುಂಡನೆಯ ಕಂಡಿ. ಗಾಜಿಲ್ಲ, ಮುಚ್ಚಳವಿಲ್ಲ. ಬೆಳಕು ಹೆಚ್ಚುಕಡಿಮೆ ಅಲ್ಲಿಂದಲೇ ಬರಬೇಕು. ಮಳೆ ಬಂದರೆ ಒಳಗೇ ಬೀಳುತ್ತದೆ. ಅದಕ್ಕೇ ನೆಲವನ್ನು ಸ್ವಲ್ಪ ಉಬ್ಬಿಸಿ, ನೀರು ಇಳಿದುಹೋಗಲು ತೂತು ಬಿಟ್ಟಿದ್ದಾರೆ.

ಈ ಗುಮ್ಮಟಕ್ಕೆ ಕಬ್ಬಿಣದ ಸರಳು ಹಾಕಿಲ್ಲ. ಸರಳು ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿನಲ್ಲೇ ದೊಡ್ಡದು ಇದೇ. ಹೇಗೆ ನಿಂತಿದೆ? ಮೇಲೆ ಹೋದಂತೆ ತೂಕ ಇಳಿಸುತ್ತಾ ಹೋಗಿದ್ದಾರೆ. ಗುಮ್ಮಟದ ಬುಡದಲ್ಲಿ ದಪ್ಪ 6 ಮೀಟರಿಗೂ ಜಾಸ್ತಿ, ಕಂಡಿಯ ಹತ್ತಿರ 1.2 ಮೀಟರ್ ಅಷ್ಟೆ. ಕೆಳಗಿನ ಕಾಂಕ್ರೀಟಿಗೆ ಭಾರದ ಕಲ್ಲಿನ ಚೂರು, ನಡುವೆ ಹಗುರ ಕಲ್ಲು, ತುದಿಯಲ್ಲಿ ನೀರಿನ ಮೇಲೆ ತೇಲುವಷ್ಟು ಹಗುರಾದ ಪ್ಯೂಮಿಸ್ ಕಲ್ಲು ಬೆರೆಸಿದ್ದಾರೆ. ಅಲಂಕಾರದ ಹಾಗೆ ಕಾಣುವ ಚೌಕ ಗುಳಿಗಳೂ ಒಂದಿಷ್ಟು ತೂಕ ಕಳೆಯುತ್ತವೆ. ನೆತ್ತಿಯಲ್ಲಂತೂ ಏನೂ ಇಲ್ಲವೇ ಇಲ್ಲ.

ಇದು ಫೋಟೋಕ್ಕೆ ಸಿಗುವುದಿಲ್ಲ. ಗುಮ್ಮಟ ಹಿಡಿದರೆ ನೆಲ ತಪ್ಪುತ್ತದೆ, ಅಗಲದ ಲೆನ್ಸ್ ಹಾಕಿದರೆ ಆಕಾರವೇ ಸೊಟ್ಟಗಾಗುತ್ತದೆ. ಬಿಸಿಲಿರುವ ದಿನ ಒಂದು ಗಂಟೆ ಒಳಗಿರಿ. ಕಂಡಿಯಿಂದ ಬಿದ್ದ ಬೆಳಕಿನ ದುಂಡು ಗೋಡೆಯ ಮೇಲೆ ನಿಧಾನಕ್ಕೆ ಸರಿಯುವುದು ಗೊತ್ತಾಗುತ್ತದೆ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಅಷ್ಟಕ್ಕೆ ರೋಮ್‌ವರೆಗೆ ಯಾಕೆ ಹೋಗಬೇಕು ಅಂತ ನನಗೆ ಅನ್ನಿಸುತ್ತದೆ.

ಇದನ್ನು ನೋಡಿದ ಮೇಲೆ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾಕ್ಕೆ ಹೋದರೆ ಇನ್ನೂ ಚೆನ್ನ. ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಒಂದು ಕಷ್ಟ, ಚೌಕದ ಮೇಲೆ ಕೂರಿಸುವುದು ಬೇರೆಯೇ ಕಷ್ಟ. ಅಲ್ಲಿ ಆ ಎರಡನೆಯದನ್ನು ಮಾಡಿದ್ದಾರೆ. ಗುಮ್ಮಟದ ಬುಡದ ಸುತ್ತ 40 ಕಿಟಕಿಗಳಿವೆ. ಬೆಳಕು ಅಲ್ಲಿಂದ ನುಗ್ಗುವಾಗ ಗುಮ್ಮಟ ಯಾವುದರ ಮೇಲೂ ಕೂತಿಲ್ಲ ಅನ್ನಿಸುತ್ತದೆ. 532ರಲ್ಲಿ ಶುರು, 537ಕ್ಕೆ ಮುಕ್ತಾಯ, ಐದೇ ವರ್ಷ. ಜಸ್ಟಿನಿಯನ್ ಚಕ್ರವರ್ತಿಗೆ ಅಷ್ಟು ಅವಸರ. ಭೂಕಂಪದ ಪೆಟ್ಟು ತಿಂದು 558ರಲ್ಲಿ ಗುಮ್ಮಟ ಕುಸಿಯಿತು. ಮತ್ತೆ ಕಟ್ಟುವಾಗ ಅದನ್ನು ಇನ್ನೂ ಎತ್ತರಿಸಿದರು. ಚಪ್ಪಟೆ ಗುಮ್ಮಟ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ, ಎತ್ತರದ್ದು ಅಷ್ಟು ನೂಕುವುದಿಲ್ಲ. ಚರ್ಚ್ ಆಗಿದ್ದದ್ದು 1453ರಲ್ಲಿ ಮಸೀದಿಯಾಯಿತು, 1930ರ ದಶಕದಲ್ಲಿ ಮ್ಯೂಸಿಯಂ ಆಯಿತು, 2020ರಿಂದ ಮತ್ತೆ ಮಸೀದಿ. ಒಂದು ಮಾತು ಗೊತ್ತಿರಲಿ: 2024ರಿಂದ ವಿದೇಶಿ ಪ್ರವಾಸಿಗರಿಗೆ ಮೇಲಿನ ಗ್ಯಾಲರಿಗೆ ಮಾತ್ರ ಟಿಕೆಟ್. ನೆಲದ ಮೇಲೆ, ಗುಮ್ಮಟದ ಕೆಳಗೇ ನಿಂತು ನೋಡುವ ಸುಖ ಹಾಗಾಗಿ ತಪ್ಪುತ್ತದೆ. ನಿಮ್ಮ ಐದಾರರಲ್ಲಿ ಯಾವುದನ್ನಾದರೂ ಕೈಬಿಡಬೇಕಾಗಿ ಬಂದರೆ ಇದನ್ನು ಬಿಡಿ ಅನ್ನುವುದು ಇದೇ ಕಾರಣಕ್ಕೆ.

ಒಂದೇ ಒಂದು ಜಾಗ ಹೇಳಿ ಅಂದರೆ ನಾನು ಹೇಳುವುದು ಕಾಂಬೋಡಿಯದ ಅಂಕೋರ್. ಕನ್ನಡ ಓದುವವರಿಗೆ ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಬೇರೆ ದೇಶಗಳಿಂದ ಬಂದವರು ಗೈಡ್ ಬಾಯಿ ನೋಡುತ್ತಾ ನಿಂತಿರುತ್ತಾರೆ, ನೀವು ಗೋಡೆಯನ್ನೇ ಓದಿಕೊಂಡು ಹೋಗಬಹುದು.

ಅಂಕೋರ್ ವಾಟ್ ಕಟ್ಟಿಸಿದವನು ಎರಡನೇ ಸೂರ್ಯವರ್ಮ, 12ನೇ ಶತಮಾನದ ಮೊದಲರ್ಧದಲ್ಲಿ. ಮೂಲತಃ ವಿಷ್ಣು ದೇವಸ್ಥಾನ, ಆಮೇಲೆ ಬೌದ್ಧರದಾಯಿತು. ಮುಖ ಪಶ್ಚಿಮಕ್ಕಿದೆ. ಅದು ಯಾಕೆ ಅನ್ನುವುದಕ್ಕೆ ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತವಿಲ್ಲ. ವಿಷ್ಣುವಿನ ದಿಕ್ಕು ಅದು ಅನ್ನುವವರಿದ್ದಾರೆ, ರಾಜನ ಸಮಾಧಿಯಾಗಿಯೂ ಉದ್ದೇಶಿಸಿದ್ದರು ಅನ್ನುವವರಿದ್ದಾರೆ. ಸುತ್ತಲೂ 190 ಮೀಟರ್ ಅಗಲದ ಕಂದಕ, ಒಂದು ಸುತ್ತು ಬಂದರೆ 5 ಕಿಲೋಮೀಟರಿಗೂ ಜಾಸ್ತಿ. ನೀರು ಬರೀ ಅಂದಕ್ಕಲ್ಲ. ಕಟ್ಟಡ ನಿಂತಿರುವುದು ಮರಳು ನೆಲದ ಮೇಲೆ. ಆ ನೆಲದ ತೇವ ಏರಿಳಿಯದಂತೆ ಕಂದಕ ನೋಡಿಕೊಳ್ಳುತ್ತದೆ. ಮರಳುಗಲ್ಲು ಬಂದದ್ದು ದೂರದ ಕುಲೆನ್ ಬೆಟ್ಟದಿಂದ, ಕಾಲುವೆಗಳಲ್ಲಿ ತೇಲಿಸಿ.

ಒಳಗಿನ ಉದ್ದನೆಯ ಗ್ಯಾಲರಿಗಳಿಗೆ ಬನ್ನಿ. ಪಶ್ಚಿಮದ ಗೋಡೆಯ ಒಂದು ಕಡೆ ಕುರುಕ್ಷೇತ್ರ. ಎರಡು ಸೈನ್ಯಗಳು ಎರಡು ತುದಿಯಿಂದ ಶಿಸ್ತಾಗಿ ಹೊರಡುತ್ತವೆ, ನಡುವೆ ಬರುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತದೆ. ಬಾಣಗಳ ಮೇಲೆ ಮಲಗಿದ ಭೀಷ್ಮ ಸಿಗುತ್ತಾನೆ, ಹುಡುಕಿ. ಇನ್ನೊಂದು ಕಡೆ ಲಂಕೆಯ ಯುದ್ಧ. ಹನುಮಂತನ ಹೆಗಲ ಮೇಲೆ ನಿಂತ ರಾಮ, ಹತ್ತು ತಲೆಯ ರಾವಣ. ದಕ್ಷಿಣದಲ್ಲಿ ಸ್ವರ್ಗ, ನರಕ, ಯಮನ ತೀರ್ಪು. ಪೂರ್ವದಲ್ಲಿ ಸಮುದ್ರ ಮಥನ. ಅದೊಂದೇ ಸುಮಾರು 49 ಮೀಟರ್ ಉದ್ದ. ಎರಡೂ ಕಡೆ ಸೇರಿ 180ರಷ್ಟು ದೇವತೆಗಳೂ ಅಸುರರೂ ವಾಸುಕಿಯನ್ನು ಎಳೆಯುತ್ತಿದ್ದಾರೆ. ದೇವತೆಗಳ ಸಾಲಿನ ಕೊನೆಗೆ ಹಾವಿನ ಬಾಲ ಹಿಡಿದು ನಿಂತಿರುವುದು ಒಂದು ದೊಡ್ಡ ಕಪಿ. ಸಮುದ್ರ ಮಥನದಲ್ಲಿ ಕಪಿಗೆ ಏನು ಕೆಲಸ ಅಂತ ನಿಮಗೆ ಅನ್ನಿಸುತ್ತದೆ, ಅಲ್ವಾ? ನಮಗೆ ಗೊತ್ತಿರುವ ಕಥೆಯಲ್ಲಿ ಅದಿಲ್ಲ. ಕಥೆ ಸಮುದ್ರ ದಾಟಿ ಹೋದ ಮೇಲೆ ಅಲ್ಲಿನವರು ಅದನ್ನು ತಮ್ಮದಾಗಿಸಿಕೊಂಡ ಗುರುತು ಇಂಥ ಕಡೆಗಳಲ್ಲಿ ಕಾಣುತ್ತದೆ. ಬೇರೆಯವರಿಗೆ ಗಮನಕ್ಕೇ ಬಾರದ ಇಂಥ ವಿಷಯ ನಿಮಗೆ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಫ್ರೆಂಚ್ ಪ್ರವಾಸಿ ಹೆನ್ರಿ ಮೂಹೊ 1860ರಲ್ಲಿ ಕಾಡಿನಲ್ಲಿ ಇದನ್ನು ‘ಕಂಡುಹಿಡಿದ’ ಅಂತ ಹಳೆಯ ಪುಸ್ತಕಗಳು ಬರೆಯುತ್ತವೆ. ಅವನು ಹೋದಾಗಲೂ ಅಲ್ಲಿ ಬೌದ್ಧ ಭಿಕ್ಷುಗಳಿದ್ದರು, ಪೂಜೆ ನಡೆದಿತ್ತು. ಯಾರೂ ಕಳೆದುಕೊಳ್ಳದ್ದನ್ನು ಯಾರೋ ಹುಡುಕಿದರು ಅನ್ನುವ ಕಥೆ ಇದೊಂದೇ ಅಲ್ಲ, ಮುಂದೆಯೂ ಬರುತ್ತದೆ.

ಅಂಕೋರ್ ಅಂದರೆ ಈ ಒಂದು ದೇವಸ್ಥಾನ ಅಷ್ಟೇ ಅಲ್ಲ. ಏಳನೇ ಜಯವರ್ಮ ಕಟ್ಟಿಸಿದ ಬಯೋನ್‌ನಲ್ಲಿ ಗೋಪುರದ ನಾಲ್ಕೂ ಮುಖಕ್ಕೆ ನಗುಮುಖದ ಕಲ್ಲಿನ ಮುಖಗಳಿವೆ. ತಾ ಪ್ರೋಮ್‌ನಲ್ಲಿ ಮರದ ಬೇರುಗಳು ಗೋಡೆಯನ್ನು ಅಪ್ಪಿಕೊಂಡಿವೆ. ಒಂದು ದಿನ, ಮೂರು ದಿನ, ಏಳು ದಿನ ಅಂತ ಪಾಸ್ ಸಿಗುತ್ತದೆ. ಒಂದು ದಿನದ್ದು ಬೇಡವೇ ಬೇಡ. ಬಿಸಿಲು ವಿಪರೀತ, ಮಧ್ಯಾಹ್ನದ ಮೂರು ತಾಸು ಹೇಗೂ ವ್ಯರ್ಥ. ಮೂರು ದಿನದ್ದು ಸರಿ. ಎಲ್ಲರೂ ಸೂರ್ಯೋದಯಕ್ಕೆ ಕೊಳದ ದಂಡೆಯಲ್ಲಿ ಸೇರುತ್ತಾರಲ್ಲ, ಅವರು ಬೆಳಗಿನ ತಿಂಡಿಗೆ ಹೊರಟ ಹೊತ್ತಿಗೆ ಗ್ಯಾಲರಿಗಳು ಖಾಲಿ ಇರುತ್ತವೆ. ಆಗ ಒಳಗಿರಿ.

ಇನ್ನು ಗೀಜಾ. ಪಿರಮಿಡ್ ಬಗ್ಗೆ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ: ದೂರದಿಂದ ಅದು ದೊಡ್ಡದಾಗಿ ಕಾಣುವುದಿಲ್ಲ. ಅಳೆದು ನೋಡಲು ಪಕ್ಕದಲ್ಲಿ ಮನೆ, ಮರ ಏನೂ ಇಲ್ಲವಲ್ಲ. ಬುಡಕ್ಕೆ ಹೋಗಿ ಕೆಳಸಾಲಿನ ಕಲ್ಲಿನ ಪಕ್ಕ ನಿಂತಾಗ, ಒಂದೇ ಕಲ್ಲು ಎದೆಮಟ್ಟ ಬಂದಾಗ, ಅದರ ಅಳತೆ ತಲೆಗೆ ಇಳಿಯುತ್ತದೆ. ಒಂದೊಂದು ಬದಿ 230 ಮೀಟರ್. ಮೊದಲು 146.6 ಮೀಟರ್ ಎತ್ತರ ಇತ್ತು, ಈಗ 138ರಷ್ಟಿದೆ. ಸುಮಾರು 23 ಲಕ್ಷ ಕಲ್ಲು. ಇದನ್ನು ಕಟ್ಟಿಸಿದ ಖುಫು ರಾಜ ಆಳಿದ್ದು 26-27 ವರ್ಷ ಅಂತ ಅಂದಾಜು. ದಿನಕ್ಕೆ ಹತ್ತು ಗಂಟೆ ಕೆಲಸ ಅಂತ ಲೆಕ್ಕ ಹಾಕಿದರೆ ಎರಡೂವರೆ ನಿಮಿಷಕ್ಕೊಂದು ಕಲ್ಲು ಕೂರಿಸಬೇಕು, ಅದೂ ಒಂದು ದಿನ ತಪ್ಪದೆ. ನಾಲ್ಕೂವರೆ ಸಾವಿರ ವರ್ಷದ ಹಿಂದೆ!

ಅನ್ಯಗ್ರಹದವರು ಕಟ್ಟಿದರು ಅನ್ನುವ ವಿಡಿಯೋಗಳನ್ನು ದಯವಿಟ್ಟು ಬದಿಗಿಡಿ. ನಿಜವಾದ ಕಥೆ ಅದಕ್ಕಿಂತ ರೋಚಕವಾಗಿದೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಅನ್ನುವಲ್ಲಿ ಪ್ಯಾಪಿರಸ್ ಸುರುಳಿಗಳು ಸಿಕ್ಕವು. ಅವುಗಳಲ್ಲಿ ಮೆರೆರ್ ಅನ್ನುವ ಮೇಸ್ತ್ರಿಯ ದಿನಚರಿಯೂ ಇದೆ. ತೂರಾ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಏರಿಸಿದ್ದು, ನೈಲ್ ನದಿಯಲ್ಲಿ, ಕಾಲುವೆಯಲ್ಲಿ ಗೀಜಾಕ್ಕೆ ಒಯ್ದದ್ದು, ರಾತ್ರಿ ಎಲ್ಲಿ ತಂಗಿದ್ದು, ಎಲ್ಲವನ್ನೂ ಬರೆದಿಟ್ಟಿದ್ದಾನೆ. ಬರಹವಿರುವ ಪ್ಯಾಪಿರಸ್‌ಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯವು ಇವೇ. ಪಿರಮಿಡ್ಡಿನ ಹತ್ತಿರವೇ ಕೆಲಸಗಾರರ ಗೋರಿಗಳೂ ಸಿಕ್ಕಿವೆ. ಚಾಟಿ ಏಟು ತಿನ್ನುವ ಗುಲಾಮರನ್ನು ರಾಜನ ಪಕ್ಕದಲ್ಲಿ ಮಣ್ಣು ಮಾಡುವುದಿಲ್ಲ, ಅಲ್ವಾ?

ಮೆರೆರ್ ಸಾಗಿಸಿದ ಬಿಳಿಕಲ್ಲು ಹೊರಮೈಗೆ ಹೊದಿಸಿದ್ದು. ಹೆಚ್ಚಿನದನ್ನು ಮುಂದೆ ಕೈರೋದವರು ಕಟ್ಟಡಗಳಿಗೆ ಕಿತ್ತುಕೊಂಡು ಹೋದರು. ಪಕ್ಕದ ಖಫ್ರೆ ಪಿರಮಿಡ್ಡಿನ ತುದಿಯಲ್ಲಿ ಅಂಥ ಹೊದಿಕೆ ಸ್ವಲ್ಪ ಉಳಿದಿದೆ. ಅದನ್ನು ನೋಡಿದರೆ ದೊಡ್ಡ ಪಿರಮಿಡ್ ಕೂಡ ಒಂದು ಕಾಲಕ್ಕೆ ನುಣ್ಣಗೆ ಹೊಳೆಯುತ್ತಿದ್ದದ್ದು ಊಹೆಗೆ ಬರುತ್ತದೆ. ದೊಡ್ಡ ಪಿರಮಿಡ್ಡಿನ ಒಳಗೆ ಹೋಗಲು ಬೇರೆ ಟಿಕೆಟ್. ಬಗ್ಗಿಕೊಂಡು ಹತ್ತಬೇಕು, ಸೆಖೆ, ಮೇಲಿನ ಕೋಣೆಯಲ್ಲಿ ಒಂದು ಖಾಲಿ ಕಲ್ಲಿನ ಪೆಟ್ಟಿಗೆ, ಗೋಡೆಯಲ್ಲಿ ಚಿತ್ರವಿಲ್ಲ, ಬರಹವಿಲ್ಲ. ಇಕ್ಕಟ್ಟು ಜಾಗದಲ್ಲಿ ಉಸಿರು ಕಟ್ಟುವವರು ಹೋಗಬೇಡಿ. ಉಳಿದವರು ಹೋಗಿ. ಆ ಕೋಣೆಯ ಚಾವಣಿಯ ಗ್ರಾನೈಟ್ ತೊಲೆಗಳು ಅಸ್ವಾನ್‌ನಿಂದ ಬಂದವು, ದೊಡ್ಡವು 50 ಟನ್ನಿಗೂ ಜಾಸ್ತಿ ತೂಗುತ್ತವೆ. ಅವುಗಳ ಕೆಳಗೆ ನಿಂತಿದ್ದೇನೆ ಅನ್ನುವ ಭಾವನೆ ಯಾವ ವಿಡಿಯೋದಲ್ಲೂ ಬರುವುದಿಲ್ಲ.

ಈಜಿಪ್ಟಿನವರೆಗೆ ಹೋದ ಮೇಲೆ ಅಬು ಸಿಂಬೆಲ್ ಬಿಡಬೇಡಿ. ಎರಡನೇ ರಾಮ್ಸೆಸ್ ಬೆಟ್ಟದಲ್ಲಿ ಕೊರೆಸಿದ ಗುಡಿ. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿತ್ತು. 1964ರಿಂದ 1968ರವರೆಗೆ ಅದನ್ನು ಸಾವಿರಕ್ಕೂ ಹೆಚ್ಚು ತುಂಡು ಮಾಡಿ, 65 ಮೀಟರ್ ಮೇಲಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ಗುಡಿಯ ಹಿಂದಿನ ಬೆಟ್ಟ ಕೂಡ ಮನುಷ್ಯರು ಮಾಡಿದ್ದು. ವರ್ಷಕ್ಕೆ ಎರಡು ದಿನ ಬೆಳಗಿನ ಬಿಸಿಲು ಒಳಗಿನ ಗರ್ಭಗುಡಿಯವರೆಗೆ ಬರುತ್ತದೆ, ಈಗ ಫೆಬ್ರುವರಿ 22 ಮತ್ತು ಅಕ್ಟೋಬರ್ 22ರಂದು. ಆ ದಿನಗಳಲ್ಲಿ ಮಾತ್ರ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ.

ಜೋರ್ಡಾನಿನ ಪೆಟ್ರಾದಲ್ಲಿ ಫೋಟೋ ಬಿಟ್ಟುಬಿಡುವುದು ದಾರಿಯನ್ನು. ಎಲ್ಲರೂ ನೋಡಿರುವುದು ಅಲ್-ಖಜ್ನೆ ಅನ್ನುವ, ಬಂಡೆಯಲ್ಲೇ ಕೆತ್ತಿದ ಗುಲಾಬಿ ಬಣ್ಣದ ಮುಖಮಂಟಪವನ್ನು, ಸುಮಾರು 40 ಮೀಟರ್ ಎತ್ತರದ್ದು. ಆದರೆ ಅಲ್ಲಿಗೆ ಮುಟ್ಟುವ ಮೊದಲು ‘ಸೀಕ್’ ಅನ್ನುವ ಬಂಡೆಯ ಸೀಳಿನೊಳಗೆ 1.2 ಕಿಲೋಮೀಟರ್ ನಡೆಯಬೇಕು. ಕೆಲವು ಕಡೆ ಅಗಲ ಮೂರೇ ಮೀಟರ್. ಆಕಾಶ ಒಂದು ಗೆರೆಯಷ್ಟು ಕಾಣುತ್ತದೆ. ಕೊನೆಯ ತಿರುವಿನಲ್ಲಿ ಸೀಳಿನ ಸಂದಿಯಿಂದ ಖಜ್ನೆ ತುಸುವೇ ಇಣುಕುತ್ತದೆ. ಅಲ್ಲಿಯವರೆಗೆ ನಡೆಯುವಾಗ ಗೋಡೆಯ ಬದಿಯಲ್ಲಿ ಸಣ್ಣ ಕಾಲುವೆ ಕೊರೆದದ್ದನ್ನು ಗಮನಿಸಿ. ಪೆಟ್ರಾ ಕಟ್ಟಿದ ನಬಾಟಿಯನ್ನರು ಅನ್ನುವ ಜನ ಮರುಭೂಮಿಯಲ್ಲಿ ನಗರ ಕಟ್ಟಲು ಸಾಧ್ಯವಾದದ್ದು ಆ ನೀರಿನಿಂದ. ಮುಖಮಂಟಪವನ್ನು ಮೇಲಿನಿಂದ ಕೆಳಕ್ಕೆ ಕೆತ್ತಿದ್ದು. ತುದಿಯ ಕಲ್ಲಿನ ಕೊಡದಲ್ಲಿ ನಿಧಿ ಇದೆ ಅಂತ ನಂಬಿ ಜನ ಗುಂಡು ಹೊಡೆದ ಗುರುತುಗಳಿವೆ. ಅದು ಗಟ್ಟಿ ಕಲ್ಲು, ಒಳಗೆ ಏನೂ ಇಲ್ಲ. ಹೆಚ್ಚಿನವರು ಅಲ್ಲಿಂದಲೇ ಹಿಂತಿರುಗುತ್ತಾರೆ. ನೀವು ಮುಂದೆ ಹೋಗಿ. ಸುಮಾರು 800 ಮೆಟ್ಟಿಲು ಹತ್ತಿದರೆ ಅದ್-ದೇರ್ ಅನ್ನುವ ಇನ್ನೊಂದು ಮುಖಮಂಟಪ ಸಿಗುತ್ತದೆ. ಖಜ್ನೆಗಿಂತ ದೊಡ್ಡದು, ಜನ ಕಡಿಮೆ, ನನಗೆ ಹೆಚ್ಚು ಇಷ್ಟ.

ಪೆರುವಿನ ಮಾಚು ಪಿಚುವಿನ ಆ ಒಂದು ಫೋಟೋವನ್ನು ನೋಡದವರಿಲ್ಲ. ಅದರಲ್ಲಿ ಎಲ್ಲವೂ ಇದೆ ಅನ್ನಿಸುತ್ತದೆ, ಆಳ ಒಂದು ಬಿಟ್ಟು. ಊರಿನ ಮೂರು ಕಡೆಯಲ್ಲಿ ಉರುಬಾಂಬಾ ನದಿ ಸುತ್ತಿಕೊಂಡಿದೆ, ಸುಮಾರು 450 ಮೀಟರ್ ಕೆಳಗೆ. ಎರಡು ಶಿಖರಗಳ ನಡುವಿನ ಆ ಏಣಿನ ಮೇಲೆ, ಜಾಸ್ತಿ ಮಳೆ ಬೀಳುವ, ಭೂಕಂಪ ಆಗುವ ಕಡೆ, 15ನೇ ಶತಮಾನದಲ್ಲಿ ಇಂಕಾಗಳು ಕಟ್ಟಿದ್ದು. ಗಾರೆ ಇಲ್ಲದೆ ಕೂರಿಸಿದ ಗೋಡೆಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಕಣ್ಣಿಗೆ ಕಾಣದ ಕೆಲಸ. ಮೆಟ್ಟಿಲುಗದ್ದೆಗಳ ಅಡಿಯಲ್ಲಿ ಕಲ್ಲು, ಜಲ್ಲಿ, ಮಣ್ಣು ಪದರ ಪದರವಾಗಿ ಹಾಕಿ ನೀರು ಇಂಗಿಹೋಗುವಂತೆ ಮಾಡಿದ್ದಾರೆ. ಅದಿಲ್ಲದಿದ್ದರೆ ಇಡೀ ಊರು ಯಾವತ್ತೋ ಜಾರಿ ನದಿಗೆ ಬಿದ್ದಿರುತ್ತಿತ್ತು. 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಹೊರಜಗತ್ತಿಗೆ ಇದರ ಸುದ್ದಿ ಹೇಳಿದ. ಅವನು ಹತ್ತಿ ಬಂದಾಗ ಅಲ್ಲಿ ರೈತರು ಬೆಳೆ ತೆಗೆಯುತ್ತಿದ್ದರು. ಆಗಲೇ ಹೇಳಿದೆನಲ್ಲ, ಅದೇ ಕಥೆ.

ಕೊನೆಯದು ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ. 1882ರಲ್ಲಿ ಶುರುವಾದ ಚರ್ಚ್. ಮರುವರ್ಷ ಗೌಡಿ ಅನ್ನುವ ವಾಸ್ತುಶಿಲ್ಪಿ ವಹಿಸಿಕೊಂಡ, 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡ. ಕೆಲಸ ಅವನ ನಂತರವೂ ನೂರು ವರ್ಷ ಸಾಗಿ ಬಂದಿದೆ. ಹೊರಗೆ ಗಿಜಿಗಿಜಿ ಅನ್ನಿಸಿದರೂ ಒಳಗೆ ಹೋದರೆ ಕಂಬಗಳು ಮರದ ಹಾಗೆ ಮೇಲೆ ಕವಲೊಡೆದು ಚಾವಣಿ ಹೊತ್ತಿವೆ. ಪೂರ್ವದ ಕಿಟಕಿಗಳ ಗಾಜು ನೀಲಿ-ಹಸಿರು, ಪಶ್ಚಿಮದ್ದು ಕೆಂಪು-ಕಿತ್ತಳೆ. ಹಾಗಾಗಿ ಬೆಳಿಗ್ಗೆ ಒಂದು ಕಟ್ಟಡ, ಸಂಜೆ ಇನ್ನೊಂದು. ನನ್ನ ಕೇಳಿದರೆ ಸಂಜೆಯೇ ಚೆಂದ. ನಡುಗೋಪುರದ ಎತ್ತರ 172.5 ಮೀಟರ್ ಅಂತ ಯೋಜನೆ. ಊರಿನ ಪಕ್ಕದ ಮೊಂಜುಯಿಕ್ ಗುಡ್ಡಕ್ಕಿಂತ ತುಸು ಕಡಿಮೆ ಇರಲಿ ಅಂತ ಗೌಡಿಯೇ ಗೊತ್ತು ಮಾಡಿದ್ದು. ದೇವರು ಮಾಡಿದ್ದನ್ನು ಮನುಷ್ಯ ಮಾಡಿದ್ದು ಮೀರಬಾರದು ಅಂತ ಅವನ ನಂಬಿಕೆ.

ಐದಾರು ಕೇಳಿದಿರಿ, ಅಬು ಸಿಂಬೆಲ್ ಹೊರತಾಗಿಯೂ ಏಳಾಯಿತು.

ತಾಜ್ ಮಹಲ್ ಯಾಕಿಲ್ಲ ಅಂತ ಕೇಳುತ್ತೀರಿ. ಹೇಗೂ ನೋಡುತ್ತೀರಿ ಅಂತ ಬಿಟ್ಟೆ. ನೋಡುವಾಗ ನಾಲ್ಕು ಮಿನಾರುಗಳು ತುಸು ಹೊರಕ್ಕೆ ವಾಲಿರುವುದನ್ನು ಗಮನಿಸಿ, ಬಿದ್ದರೂ ಗೋರಿಯ ಮೇಲೆ ಬೀಳದಿರಲಿ ಅಂತ ಹಾಗೆ ಮಾಡಿದ್ದಾರೆ. ಶುಕ್ರವಾರ ರಜೆ. ಚೀನಾದ ಮಹಾಗೋಡೆಯೂ ಒಳ್ಳೆಯದೇ, ಆದರೆ ಎಲ್ಲಿ ಹತ್ತುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಾದಾಲಿಂಗ್‌ನಲ್ಲಿ ಜನರ ಬೆನ್ನು ಬಿಟ್ಟು ಬೇರೆ ಕಾಣುವುದು ಕಷ್ಟ. ಜಿನ್‌ಶಾನ್‌ಲಿಂಗ್ ಕಡೆ ಹೋದರೆ ಗೋಡೆ ಗುಡ್ಡದಿಂದ ಗುಡ್ಡಕ್ಕೆ ಹೋಗುವುದು ಕಾಣುತ್ತದೆ. ಚಂದ್ರನಿಂದ ಅದು ಕಾಣುತ್ತದೆ ಅನ್ನುವುದು ಸುಮ್ನೆ ಮಾತು. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಯಾಂಗ್ ಲಿವೈ ಅವರೇ ತಮಗೆ ಕಾಣಲಿಲ್ಲ ಅಂದರು.

ಇನ್ನು ಬಿಡಬಹುದಾದವು. ಮೋನಾ ಲೀಸಾ 77 ಸೆಂಟಿಮೀಟರ್ ಎತ್ತರದ ಚಿತ್ರ, ದಪ್ಪ ಗಾಜಿನ ಹಿಂದೆ, ಮುಂದೆ ನೂರಾರು ಮೊಬೈಲುಗಳು. ಒಳ್ಳೆಯ ಪುಸ್ತಕದಲ್ಲೇ ಚೆನ್ನಾಗಿ ಕಾಣುತ್ತದೆ. ಲಿಬರ್ಟಿ ಪ್ರತಿಮೆ ನ್ಯೂಯಾರ್ಕಿನ ದೋಣಿಯಿಂದ ಕಂಡರೆ ಸಾಕು. ಸ್ಟೋನ್‌ಹೆಂಜ್‌ನ ಕಥೆ ದೊಡ್ಡದು, ನಡುವಿನ ಒಂದು ಕಲ್ಲು ಈಶಾನ್ಯ ಸ್ಕಾಟ್ಲೆಂಡಿನಿಂದ ಬಂದದ್ದು ಅಂತ 2024ರಲ್ಲಷ್ಟೇ ಗೊತ್ತಾಯಿತು. ಆದರೆ ಮಾಮೂಲಿ ಟಿಕೆಟ್ಟಿನಲ್ಲಿ ಹಗ್ಗದ ಆಚೆಯಿಂದಲೇ ನೋಡಬೇಕು. ಐಫೆಲ್ ಗೋಪುರಕ್ಕೆ ಲಿಫ್ಟ್ ಹಿಡಿದು ತುದಿಗೆ ಹೋದರೆ ಪ್ಯಾರಿಸ್ ಕಾಣುತ್ತದೆ, ಐಫೆಲ್ ಕಾಣುವುದಿಲ್ಲ! ಎರಡನೇ ಹಂತದವರೆಗೆ ಮೆಟ್ಟಿಲಲ್ಲಿ ಹತ್ತಿ, ಕಬ್ಬಿಣದ ಹೆಣಿಗೆಯ ನಡುವೆಯೇ ಹೋಗುತ್ತೀರಿ. ಪೀಸಾದ ವಾಲುಗೋಪುರವೂ ಹಾಗೆಯೇ. ಕೈಯಿಂದ ತಳ್ಳುವ ಫೋಟೋಕ್ಕಾದರೆ ಬೇಡ, ಮೆಟ್ಟಿಲು ಹತ್ತುವುದಾದರೆ ಹೋಗಿ. ಒಳಗಿನ ಸುತ್ತು ಮೆಟ್ಟಿಲಲ್ಲಿ ಒಮ್ಮೆ ಗೋಡೆ ನಿಮ್ಮನ್ನು ಈ ಕಡೆ ಎಳೆಯುತ್ತದೆ, ಅರ್ಧ ಸುತ್ತು ಬಂದ ಮೇಲೆ ಆ ಕಡೆ ತಳ್ಳುತ್ತದೆ. ವಾಲುವುದು ಅಂದರೆ ಏನು ಅಂತ ಕಾಲಿಗೆ ಗೊತ್ತಾಗುತ್ತದೆ.

ಪ್ರಕೃತಿಯ ತಾಣಗಳನ್ನು ಬೇಕೆಂದೇ ಸೇರಿಸಿಲ್ಲ. ಅದಕ್ಕೆ ಬೇರೆಯೇ ಉತ್ತರ ಬರೆಯಬೇಕು.

ಈಗ ನಿಮ್ಮ ಮೂರನೇ ಪ್ರಶ್ನೆ. ನಿವೃತ್ತಿಯವರೆಗೆ ಎಲ್ಲವನ್ನೂ ಕಟ್ಟಿಡಬೇಡಿ. ಮೊದಲು ಮಂಡಿ ಬೇಕಾದ ಜಾಗಗಳನ್ನು ಮುಗಿಸಿ: ಮಾಚು ಪಿಚು, ಪೆಟ್ರಾ, ಅಂಕೋರ್, ಪಿರಮಿಡ್ಡಿನ ಒಳಗೆ. ಅಂಕೋರ್ ವಾಟ್‌ನ ಮೇಲಿನ ಹಂತಕ್ಕೆ ಹೋಗುವ ಮೆಟ್ಟಿಲು ಏಣಿಯಷ್ಟೇ ಕಡಿದು. ರೋಮ್, ಇಸ್ತಾಂಬುಲ್, ಬಾರ್ಸಿಲೋನಾ ಕಾಯುತ್ತವೆ. ಅಲ್ಲಿ ಅರವತ್ತೈದರಲ್ಲೂ ನಿಧಾನಕ್ಕೆ ಓಡಾಡಬಹುದು. ಹೃದಯ, ಉಸಿರಾಟದ ತೊಂದರೆ ಇರುವವರು ಪೆರುವಿಗೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ. ಮಾಚು ಪಿಚು ಇರುವುದು 2,430 ಮೀಟರ್ ಎತ್ತರದಲ್ಲಿ, ಅದಕ್ಕಿಂತ ಮೊದಲು ಇಳಿಯುವ ಕುಸ್ಕೋ 3,400 ಮೀಟರ್. ಕುಸ್ಕೋದಲ್ಲಿ ಇಳಿದ ಕೂಡಲೇ ಕೆಳಗಿನ ಕಣಿವೆಗೆ ಹೋಗಿ ಒಂದೆರಡು ರಾತ್ರಿ ಅಲ್ಲೇ ತಂಗಿ, ಕುಸ್ಕೋವನ್ನು ವಾಪಸ್ ಬರುವಾಗ ನೋಡಿ.

ಇನ್ನೊಂದು ವಿಷಯ ಟಿಕೆಟ್. ವಿಮಾನ ಕಾಯ್ದಿರಿಸಿ, ಹೋಟೆಲ್ ಕಾಯ್ದಿರಿಸಿ, ಕೊನೆಗೆ ಪ್ರವೇಶದ ಟಿಕೆಟ್ ನೋಡುವ ಅಭ್ಯಾಸ ಎಲ್ಲರಿಗೂ ಇದೆ. ಈಗ ಅದು ನಡೆಯುವುದಿಲ್ಲ. ಮಾಚು ಪಿಚುವಿನಲ್ಲಿ ದಿನಕ್ಕೆ ಇಷ್ಟೇ ಜನ, ಇಂಥ ಗಂಟೆಗೆ, ಇಂಥ ದಾರಿಯಲ್ಲೇ ಅಂತ ನಿಯಮ ಇದೆ. ಆ ಪ್ರಸಿದ್ಧ ಫೋಟೋದ ಜಾಗ ಎಲ್ಲ ದಾರಿಗಳಲ್ಲೂ ಬರುವುದಿಲ್ಲ, ಟಿಕೆಟ್ ಕೊಳ್ಳುವಾಗ ನೋಡಿಕೊಳ್ಳಿ. ಸಗ್ರಾದಾ ಫಮೀಲಿಯಾಕ್ಕೂ ಗಂಟೆ ಗೊತ್ತು ಮಾಡಿದ ಟಿಕೆಟ್. ದುರಸ್ತಿಗೆ ಎಲ್ಲಾದರೂ ಅಟ್ಟಣಿಗೆ ಕಟ್ಟಿದ್ದಾರಾ ಅಂತ ಆಯಾ ಸ್ಥಳದ ಅಧಿಕೃತ ವೆಬ್‌ಸೈಟಿನಲ್ಲಿ ಆಗಲೇ ನೋಡಿಬಿಡಿ. ಪೆರುವಿನಲ್ಲಿ ಮಳೆ ಕಡಿಮೆ ಇರುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಮಾಚು ಪಿಚುವಿಗೆ ನಡೆದು ಹೋಗುವ ಇಂಕಾ ಕಾಲುದಾರಿ ಫೆಬ್ರುವರಿ ಪೂರ್ತಿ ಮುಚ್ಚಿರುತ್ತದೆ. ನಡೆದೇ ಹೋಗುವ ಮನಸ್ಸಿದ್ದರೆ, ಆ ದಾರಿಗೆ ಬೇಕಾದ ಪರವಾನಗಿ ತಿಂಗಳುಗಳ ಮೊದಲೇ ಖಾಲಿಯಾಗುತ್ತದೆ. ಮೊದಲು ಅದನ್ನು ಹಿಡಿಯಿರಿ, ವಿಮಾನದ ಟಿಕೆಟ್ ಆಮೇಲೆ.